ರಂಗೋಲಿ ಚಕ್ರ ಮತ್ತು ಬರ್ ಬೆಂಚು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ಅರ್ಧ ಪಾಲು ಅದರದ್ದೇ. ಉಳಿದರ್ಧ ನಮ್ಮ ಶಾಪಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳದ್ದು. ಅವಳ ಮೇಲೆ ನನಗಿರುವ ಗೌರವವನ್ನು ಅವಳ ಎದುರಿಗೆ ಒಂದು ದಿನವೂ ನೆಟ್ಟಗೆ ಹೇಳಿಲ್ಲ. ನಮ್ಮ ಕಡೆ ಗಂಡಸರು ಯಾರನ್ನಾದರೂ ಹೊಗಳಬೇಕಾದರೆ ಅವರು ಆಚೆ ಹೋಗುವವರೆಗೂ ಕಾಯುತ್ತಾರೆ. ನಾನೂ ಅದೇ ಜಾತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಿಂದ ನಂಜನಗೂಡಿಗೆ ಬರುವ ರಸ್ತೆಯಲ್ಲಿ, ತಾಂಡವಪುರದ ಹತ್ತಿರ ನಮ್ಮದೊಂದು ಸಣ್ಣ ಮೆಷಿನ್ ಶಾಪು. ಕಂಪ್ಯೂಟರಿನಿಂದ ಅಂಕಿ ಕಳಿಸಿದರೆ ಅದರಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ನುಗಳು ಮೂರಿವೆ. ಮೂಲೆಯಲ್ಲಿ ನಾನು ಕೆಲಸ ಕಲಿತ ಹಳೇ ಲೇತು. ನನ್ನನ್ನೂ ಸೇರಿಸಿ ಎಂಟು ಜನ. ನಾನು ಹೆಮ್ಮರಗಾಲದವನು, ಬೇಸಾಯದ ಮನೆಯವನು. ಕೈ ಮಾತ್ರ ಯಾಕೋ ನೇಗಿಲು ಬಿಟ್ಟು ಲೇತಿನ ಹಿಡಿಗೆ ಅಂಟಿಕೊಂಡಿತು. ನಲವತ್ತು ವರ್ಷ ಆಗುತ್ತಾ ಬಂತು.

ಲೋಹ ಕೊರೆದ ಮೇಲೆ ಅಂಚಿನಲ್ಲಿ ಚೂಪಾದ ಸಿಬಿರು ಉಳಿಯುತ್ತದೆ. ಅದಕ್ಕೆ ನಾವು ಬರ್ ಅಂತೀವಿ. ಅದನ್ನು ಅರದಿಂದ ಉಜ್ಜಿ ನಯ ಮಾಡದಿದ್ದರೆ ಮುಟ್ಟಿದವರ ಬೆರಳು ಹೋಗುತ್ತದೆ. ಶಾಪಿನ ಹಿಂಬದಿಯ ಕಿಟಕಿಯ ಕೆಳಗೆ ಒಂದು ಉದ್ದನೆಯ ಮರದ ಬೆಂಚಿದೆ, ಆ ಕೆಲಸ ನಡೆಯುವುದು ಅಲ್ಲಿ. ಹೊಸದಾಗಿ ಬಂದವರು ಮೊದಲು ಕೂರುವುದು ಬರ್ ಬೆಂಚಿನಲ್ಲಿ, ಕೆಲಸ ಕೆಡಿಸಿದವರು ಹೋಗಿ ಕೂರುವುದೂ ಅದರಲ್ಲೇ. ನಮ್ಮಲ್ಲಿ ಅದಕ್ಕಿಂತ ಕೆಳಗಿನ ಜಾಗ ಇಲ್ಲ.

ಅವಳು ಹೆಡತಲೆಯವಳು. ಅಪ್ಪ ಡೈರಿಗೆ ಹಾಲು ಹಾಕುತ್ತಾರೆ. ಪಿಯುಸಿ ಮುಗಿಸಿ ನಮ್ಮಲ್ಲಿಗೆ ಬಂದಾಗ ಬರ್ ಬೆಂಚಿಗೇ ಕೂರಿಸಿದೆ. ಅರ ಹಿಡಿದ ಮೂರನೇ ದಿನಕ್ಕೇ ಅವಳ ಕೈಯಿಂದ ಬಂದ ಜಾಬನ್ನು, ಅಂದರೆ ಕೊರೆದ ತುಂಡನ್ನು, ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾಗಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಮಾತ್ರ ಅವಳು ಬೆಂಚಿನ ಹತ್ತಿರ ಇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡುತ್ತಿದ್ದವನ ಬೆನ್ನ ಹಿಂದೆ ಡಬ್ಬಿ ಹಿಡಿದುಕೊಂಡು ನಿಂತು, ಮುದ್ದೆ ನುಂಗುತ್ತಾ ಸ್ಕ್ರೀನ್ ನೋಡುತ್ತಿದ್ದಳು. ನಾನು ಒಂದೆರಡು ಸಲ, "ಅಲ್ಲೇನವ್ವ ಸೀರಿಯಲ್ ಬರ್ತಾ ಇದೆಯಾ?" ಅಂತ ಕಿಚಾಯಿಸಿದ್ದೂ ಉಂಟು. ಅವಳು ನಕ್ಕು ಮತ್ತೆ ಸ್ಕ್ರೀನಿನ ಕಡೆ ತಿರುಗುತ್ತಿದ್ದಳು.

ಒಂದು ದಿನ ಆ ಪ್ರೋಗ್ರಾಮಿನವನು ದೊಡ್ಡ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳದೆ ಕೇಳದೆ ಹೊರಟುಹೋದ. ಅರ್ಧ ಮಾಡಿಟ್ಟ ಪ್ರೋಗ್ರಾಮು ಕಂಪ್ಯೂಟರಿನಲ್ಲಿ, ಜಾಬು ಮೆಷಿನ್ನಿನಲ್ಲಿ. ನನಗೆ ಲೇತು ಗೊತ್ತೇ ಹೊರತು ಆ ಮೌಸು ಹಿಡಿದರೆ ಬಾಣದ ಗುರುತು ಎಲ್ಲಿ ಹೋಯಿತೆಂದೇ ಕಾಣುವುದಿಲ್ಲ. ತಲೆ ಮೇಲೆ ಕೈಹೊತ್ತು ಕೂತಿದ್ದೆ. ಅವಳು ಬಂದು, "ನಾನು ನೋಡ್ಲಾ ಸಾ?" ಅಂದಳು. ನನಗೆ ನಗು ಬಂತು. ನಕ್ಕು, ಬೇರೆ ದಾರಿ ಇಲ್ಲದೆ, "ನೋಡು" ಅಂದೆ.

ಅವಳು ಮೆಷಿನ್ನಿನ ಕಡೆ ಹೋಗಲೇ ಇಲ್ಲ. ಪ್ರೋಗ್ರಾಮನ್ನು ಕಂಪ್ಯೂಟರಿನೊಳಗೇ ಓಡಿಸಿದಳು. ಒಂದು ಕಡೆ ನಿಲ್ಲಿಸಿ, "ಇಲ್ಲಿ ನೋಡಿ ಸಾ. ಟೂಲು ತಾಗಲ್ಲ. ಟೂಲ್ ಹಿಡ್ಕೊಂಡಿರೋ ಹೋಲ್ಡರ್ ಹೋಗಿ ಜಾಬ್ ಕಚ್ಚಿರೋ ವೈಸಿಗೆ ಗುದ್ದುತ್ತೆ. ಅವರು ಹೋಲ್ಡರ್ ಅಳತೆ ಹಾಕೇ ಇಲ್ಲ" ಅಂದಳು. ಆವತ್ತು ಆ ಪ್ರೋಗ್ರಾಮನ್ನು ಹಾಗೇ ಓಡಿಸಿದ್ದರೆ ಮೆಷಿನ್ನಿನ ಸೊಂಟ ಮುರಿದಿರುತ್ತಿತ್ತು. ಮಾರನೇ ದಿನದಿಂದ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ.

ನೀರಿನ ಡ್ರಮ್ಮಿನ ಪಕ್ಕ ಒಂದು ಕಪ್ಪು ಹಲಗೆ ಇತ್ತು. ಯಾವ ಜಾಬು ಯಾವತ್ತು ಹೋಗಬೇಕು ಅಂತ ನಾನು ಅದರಲ್ಲಿ ಬರೆಯುತ್ತಿದ್ದೆ. ಅವಳು ಅದರ ಒಂದು ಮೂಲೆಯನ್ನು ತನ್ನದು ಮಾಡಿಕೊಂಡು ದಿನಾ ಬೆಳಿಗ್ಗೆ ಒಂದು ಸಾಲು ಬರೆಯಲು ಶುರು ಮಾಡಿದಳು. ಮೊದಲನೇ ದಿನ, "ಟೂಲ್ ಅಳತೆ ಜೊತೆಗೆ ಹೋಲ್ಡರ್ ಅಳತೆಯನ್ನೂ ಹಾಕಿ." ಇನ್ನೊಂದು ದಿನ, "ಹಳೇ ಪ್ರೋಗ್ರಾಮ್ ತೆಗೆದರೆ ಮೊದಲು ಅದರ ಸೊನ್ನೆ, ಅಳತೆ ಶುರುವಾಗೋ ಜಾಗ, ಎಲ್ಲಿದೆ ನೋಡಿ." ಮತ್ತೊಂದು ದಿನ, "ಫೈಲಿಗೆ ಫೈನಲ್ ಅಂತ ಹೆಸರಿಡಬೇಡಿ. ಈಗಾಗಲೇ ಹದಿನಾಲ್ಕು ಫೈನಲ್ ಇವೆ." ಹುಡುಗರು ಅದನ್ನು ಟಿಪ್ಸ್ ಹಲಗೆ ಎಂದು ಕರೆದರು. ಮೊದಮೊದಲು ನಗಾಡಿಕೊಂಡು ಓದುತ್ತಿದ್ದವರು ಆಮೇಲೆ ಟೀ ಕುಡಿಯುವ ಮುಂಚೆ ಅದನ್ನೇ ನೋಡುವ ಹಾಗಾಯಿತು. ನಾನೂ ನೋಡುತ್ತಿದ್ದೆ, ನೀರು ಕುಡಿಯುವ ನೆಪ ಮಾಡಿಕೊಂಡು.

ಒಂದು ದಿನ ಅದರಲ್ಲಿ, "ಕೊನೇ ಚರ್ಮ ಉಳಿಸಿ, ಬಿಚ್ಚಿ ನೋಡಿ, ಆಮೇಲೆ ಮುಗಿಸಿ" ಎಂದಿತ್ತು. ಚರ್ಮ ಅಂದರೆ ಕೊನೆಯ ಸಲ ಕೊರೆಯಲು ಅಂತ ಬಿಡುವ ತೆಳು ಪದರ. ಎರಡನೆಯದು ಸಿಗದಂಥ ಜಾಬಾದರೆ ಆ ಪದರ ಇರುವಾಗಲೇ ಬಿಚ್ಚಿ ಅಳೆಯಬೇಕು, ತಪ್ಪಿದ್ದರೆ ತಿದ್ದಲು ಜಾಗ ಇರುತ್ತದೆ. ಓದಿ ಚೆನ್ನಾಗಿದೆಯಲ್ಲ ಅಂದುಕೊಂಡೆ. ಅದನ್ನು ಲೇತಿನ ಮುಂದೆ ನಿಲ್ಲಿಸಿಕೊಂಡು ಅವಳಿಗೆ ಹೇಳಿಕೊಟ್ಟವನು ನಾನೇ ಎಂಬುದು ನನಗೆ ಮರೆತೇ ಹೋಗಿತ್ತು.

ಇಷ್ಟು ಹಿನ್ನೆಲೆ. ಇನ್ನು ಚಕ್ರದ ವಿಷಯ.

ಕಳೆದ ವರ್ಷ ಒಂದು ಬೆಳಿಗ್ಗೆ ಟಿ. ನರಸೀಪುರದ ಕಡೆಯ ಒಬ್ಬ ಗೌಡರು ಗೋಣಿಚೀಲ ಹೊತ್ತುಕೊಂಡು ಬಂದರು. ಚೀಲ ಬಿಚ್ಚಿದರೆ ಒಳಗೆ ಪಂಪಿನ ಚಕ್ರ, ಮೂರು ಹೋಳು. ನೀರನ್ನು ಎಳೆದು ಮೇಲಕ್ಕೆ ನೂಕುವುದು ಈ ಚಕ್ರವೇ. ಎರಡು ತಟ್ಟೆಗಳ ನಡುವೆ ಬಾಗಿದ ರೆಕ್ಕೆಗಳಿರುತ್ತವೆ. ಹೊಳೆ ದಂಡೆಯಲ್ಲಿ ಅವರಪ್ಪನ ಕಾಲದಲ್ಲಿ ಕೂರಿಸಿದ ಪಂಪು, ಪರದೇಶದ್ದು. ಮಾಡಿದ ಕಂಪನಿಯೇ ಈಗಿಲ್ಲ. ಅದರ ನೀರಿನ ಮೇಲೆ ಹನ್ನೊಂದು ಮನೆಯವರ ಗದ್ದೆ ನಿಂತಿದೆ.

"ಒಟ್ಲು ಬುಟ್ಟಿವ್ನಿ ಯಜಮಾನ್ರೇ. ಪೈರು ಕಿತ್ತು ನಾಟಿ ಆಕೋ ಒತ್ಗೆ ನೀರು ಬೇಕು. ಎಲ್ಲೋದ್ರೂ ಆಗಲ್ಲ ಅಂತವ್ರೆ" ಅಂದರು.

ನಾನೂ ಆಗಲ್ಲ ಅಂತಲೇ ಹೇಳುವವನಿದ್ದೆ. ಇಂಥದ್ದನ್ನು ಎರಕ ಹೊಯ್ಯಬೇಕು. ಅದಕ್ಕೆ ಮೊದಲು ಮರದಲ್ಲಿ ಮಾದರಿ ಆಗಬೇಕು. ಮೈಸೂರಿನಲ್ಲಿ ಆ ಕೆಲಸ ಬಲ್ಲ ಹಿರಿಯರು ಒಬ್ಬರಿದ್ದರು, ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಹೊಸದಾಗಿ ಯಾರನ್ನಾದರೂ ಹಿಡಿದು ಮಾಡಿಸುವ ಹೊತ್ತಿಗೆ ಪೈರು ಒಟ್ಲಲ್ಲೇ, ಆ ಸಸಿ ಮಡಿಯಲ್ಲೇ, ಮುದಿಯಾಗುತ್ತದೆ.

ಅವಳು ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಪ್ರಿಂಟ್ ಮಾಡಿಸ್ಬೋದು ಸಾ" ಅಂದಳು.

"ಪೇಪರ್ ಮೇಲಾ?" ಅಂದೆ. ನನ್ನ ಬಾಯಿ ಹಾಗೆ.

"ಸ್ಟೀಲಲ್ಲಿ ಸಾ. ಬೆಂಗಳೂರಲ್ಲಿ ಮಾಡಿಕೊಡ್ತಾರೆ. ನಾವು ಡ್ರಾಯಿಂಗ್ ಕೊಡ್ಬೇಕು. ಬಂದ ಮೇಲೆ ಶಾಫ್ಟ್ ಕೂರೋ ತೂತು, ನೀರು ಒಳಬರೋ ಬಾಯಿ, ಅಂಚು, ಇಷ್ಟನ್ನ ನಾವು ಮೆಷಿನ್ನಲ್ಲಿ ಕೊರ್ಕೋಬೇಕು."

ಗೌಡರಿಗೆ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗಲಿಲ್ಲ. ಅವಳು ಗೌಡರ ಕಡೆ ತಿರುಗಿ, ರಾಗಿ ಹಿಟ್ಟಿಗಿಂತ ನುಣ್ಣಗಿರೋ ಸ್ಟೀಲ್ ಪುಡಿಯನ್ನು ತೆಳ್ಳಗೆ ಹರಡುತ್ತಾರೆ, ಅದರ ಮೇಲೆ ಲೇಸರ್ ಬೆಳಕಿನಿಂದ ರಂಗೋಲಿ ಬರೆಯುತ್ತಾರೆ, ಬರೆದ ಕಡೆ ಪುಡಿ ಕರಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನೊಂದು ಪದರ ಪುಡಿ, ಇನ್ನೊಂದು ರಂಗೋಲಿ, ಹೀಗೆ ಸಾವಿರಾರು ರಂಗೋಲಿ ಒಂದರ ಮೇಲೊಂದು ಸೇರಿ ಚಕ್ರ ಮೇಲೇಳುತ್ತದೆ ಅಂತ ಬಿಡಿಸಿ ಹೇಳಿದಳು.

ಗೌಡರು, "ರಂಗೋಲಿಲಿ ನೀರೆತ್ತುತ್ತೀಯಾ ಅವ್ವಾ?" ಅಂದರು.

"ಎತ್ತುತ್ತೀನಿ ಗೌಡ್ರೇ."

ಅವಳು ಅಂದ ರೀತಿಗೆ ಅವರು ಒಪ್ಪಿಬಿಟ್ಟರು. ಪ್ರಿಂಟಿಂಗ್ ಅಂದರೆ ದುಬಾರಿ ಕೆಲಸ, ಹನ್ನೊಂದು ಮನೆಯವರು ಸೇರಿ ಒಂದನ್ನು ಮಾಡಿಸಬಹುದೇ ಹೊರತು ಎರಡನೆಯದನ್ನಲ್ಲ. ಅವರು ಹೋದ ಮೇಲೆ, "ಕೆಟ್ರೆ ಏನ್ ಮಾಡ್ತೀಯ?" ಅಂತ ಕೇಳಿದೆ.

"ನಾನು ಕೆಡಿಸಿದ್ರೆ ಮೌಸ್ ಮುಟ್ಟಲ್ಲ ಸಾ. ಬರ್ ಬೆಂಚಿಗೆ ವಾಪಸ್ ಹೋಗ್ತೀನಿ" ಅಂದಳು. ಹುಡುಗರೆಲ್ಲ ಕೇಳಿಸಿಕೊಂಡರು. ನಮ್ಮ ಶಾಪಿನಲ್ಲಿ ಹಾಗೆ ಎಲ್ಲರ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆಮೇಲೆ ಅವಳು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಹೋಳುಗಳನ್ನು ತೊಳೆದು ಜೋಡಿಸಿದಳು. ಅಳತೆಯ ಕಡ್ಡಿ ಹೋಗದ ಸಂದಿಗಳಿಗೆ ತನ್ನೂರಿನ ಕೆರೆಯಿಂದ ಜೇಡಿಮಣ್ಣು ತಂದು ಒತ್ತಿ, ಅಚ್ಚು ತೆಗೆದು, ಆ ಅಚ್ಚನ್ನು ಅಳೆದಳು. ರೆಕ್ಕೆಗಳು ಒಂದೊಂದು ಕಡೆ ಒಂದೊಂದು ದಪ್ಪ ಇದ್ದವು, ಮರಳು ತಿಂದು ಹಾಕಿತ್ತು. ನಾನು, "ಇದ್ದ ಹಾಗೆ ಎಳೆದುಬಿಡು" ಅಂದೆ. "ಸವೆದದ್ದನ್ನ ಅಳೆದ್ರೆ ಸವೆದ ಚಕ್ರಾನೇ ಬರ್ತದೆ ಸಾ" ಅಂದಳು. ಎಲ್ಲಿ ಸವೆದಿಲ್ಲವೋ ಆ ಜಾಗ ಹುಡುಕಿ, ಅಲ್ಲಿಂದ ಮೂಲ ದಪ್ಪ ಎಷ್ಟಿತ್ತೆಂದು ಲೆಕ್ಕ ಹಾಕಿ ಚಿತ್ರ ಬರೆದಳು. ಮಾರನೇ ದಿನ ಅದೇ ಮಾತು ಟಿಪ್ಸ್ ಹಲಗೆಯ ಮೇಲಿತ್ತು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮುಖದಲ್ಲಿ ತೋರಿಸಲಿಲ್ಲ.

ಚಕ್ರ ತರಲು ನಾವಿಬ್ಬರೂ ಬೆಂಗಳೂರಿಗೆ ಹೋದೆವು. ಅಲ್ಲಿಯವರು ಗಾಜಿನ ಕಿಟಕಿಯಲ್ಲಿ ಬೇರೆ ಯಾವುದೋ ಜಾಬು ಪ್ರಿಂಟಾಗುವುದನ್ನು ತೋರಿಸಿದರು. ಒಂದು ಪಟ್ಟಿ ಬಂದು ಪುಡಿ ಸವರಿ ಹೋಗುತ್ತದೆ, ಬೆಳಕು ಚಕಚಕ ಓಡಾಡುತ್ತದೆ, ಮತ್ತೆ ಪಟ್ಟಿ ಬರುತ್ತದೆ. ನಾನು ಜನ್ಮವಿಡೀ ಲೋಹವನ್ನು ಕೊರೆದು ತೆಗೆದವನು. ಬೇಡದ್ದನ್ನು ತೆಗೆದರೆ ಬೇಕಾದ್ದು ಉಳಿಯುತ್ತದೆ, ಅಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಇಲ್ಲಿ ಏನೂ ಇಲ್ಲದ ಕಡೆ ಬೇಕಾದ್ದಷ್ಟೇ ಬೆಳೆಯುತ್ತಿತ್ತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅವಳೇ, "ಸಾ, ಟ್ರೈನ್ ಹೋಗ್ತದೆ" ಅಂತ ಕರೆದಳು. ವಾಪಸ್ ಬರುವಾಗ ಚಕ್ರವನ್ನು ಹಳೇ ಸೀರೆಯಲ್ಲಿ ಸುತ್ತಿ ಮೈಸೂರಿನವರೆಗೂ ತೊಡೆ ಮೇಲೇ ಇಟ್ಟುಕೊಂಡಿದ್ದಳು. ಭಾರ ಇತ್ತು, ನಾನು ಕೇಳಿದರೂ ಕೊಡಲಿಲ್ಲ.

ಬಂದ ಚಕ್ರದ ಮೈ ಒರಟಾಗಿತ್ತು. ಹುಡುಗರು, "ಇದೇನ್ ಮೇಡಮ್ ಹಿಂಗಿದೆ" ಅಂದರು. ಹಲಗೆಯ ಮೇಲೆ ಉತ್ತರ ಬಂತು: "ಪ್ರಿಂಟಾಗಿ ಬಂದದ್ದು ಮುಗಿದದ್ದಲ್ಲ. ನಮ್ಮ ಕೆಲಸ ಈಗ ಶುರು." ಶನಿವಾರ ತಳದ ಮುಖವನ್ನು ಕೊರೆದು ನಯ ಮಾಡಿದಳು. ಸೋಮವಾರ ಅದೇ ಮುಖವನ್ನು ಕೆಳಗೆ ಮಾಡಿ ಒಂದು ದುಂಡನೆಯ ಪ್ಲೇಟಿನ ಮೇಲೆ ಕೂರಿಸಿ, ಮೇಲಿನಿಂದ ಶಾಫ್ಟಿನ ತೂತು ಮತ್ತು ಬಾಯಿ ಕೊರೆಯಬೇಕು. ತಳ ಪ್ಲೇಟಿಗೆ ಸಮನಾಗಿ ಕೂತರೆ ತೂತು ನೆಟ್ಟಗೆ ಬರುತ್ತದೆ. ಇಲ್ಲದಿದ್ದರೆ ತಿರುಗುವಾಗ ಚಕ್ರ ಓಲಾಡಿ ಪಂಪನ್ನೇ ತಿಂದು ಹಾಕುತ್ತದೆ. ಆ ಪ್ಲೇಟನ್ನು ಅವಳೇ ಮಾಡಿದ್ದಳು, ಕನ್ನಡಿಯಂತೆ ಹೊಳೆಯುತ್ತಿತ್ತು.

ನಮ್ಮ ಶಾಪಿನಲ್ಲಿ ಸೋಮವಾರ ಅಂದರೆ ವಿಭೂತಿ. ನಂಜುಂಡನ ಊರಿನಲ್ಲಿ ಮೆಷಿನ್ನು ಇಟ್ಟುಕೊಂಡು ಸೋಮವಾರ ವಿಭೂತಿ ಹಚ್ಚದೆ ನಾನು ಸ್ವಿಚ್ ಮುಟ್ಟುವವನಲ್ಲ. ಅದರಲ್ಲೂ ಹೊಸ ಬಗೆಯ ಜಾಬಾದರೆ, ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆಯುತ್ತೇನೆ. ನಮ್ಮಪ್ಪ ನೇಗಿಲಿಗೆ ಎಳೆಯುತ್ತಿದ್ದರು, ನಾನು ಲೇತಿಗೆ ಎಳೆದೆ, ಆಮೇಲೆ ಸಿಎನ್‌ಸಿಗೆ. ಎಳೆಯುವಾಗ ನನ್ನ ಕೈ ಧಾರಾಳ. ತೆಳ್ಳಗೆ ಹಚ್ಚಿದರೆ ಶಿವನಿಗೆ ಕಾಣುವುದಿಲ್ಲವೋ ಏನೋ ಅನ್ನುವ ಹಾಗೆ ಹಚ್ಚುತ್ತೇನೆ.

ಆ ಸೋಮವಾರ ಗೌಡರೂ ಬಂದಿದ್ದರು. ಚಕ್ರ ಆಗೋದನ್ನು ಕಣ್ಣಾರೆ ನೋಡಬೇಕು ಅಂತ ಹಳೇ ಲೇತಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ನಾನು ಎಲ್ಲ ಮೆಷಿನ್ನಿಗೂ ಪಟ್ಟೆ ಎಳೆದುಕೊಂಡು ಬಂದೆ. ಅವಳು ಪ್ರೋಗ್ರಾಮ್ ಕಳಿಸಲು ಕಂಪ್ಯೂಟರ್ ಹತ್ತಿರ ಹೋಗಿದ್ದಳು. ಮೆಷಿನ್ನಿನ ಬಾಗಿಲು ತೆಗೆದಿತ್ತು, ಒಳಗೆ ಆ ಪ್ಲೇಟು ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿರುವುದಕ್ಕೆ ಹಚ್ಚದಿದ್ದರೆ ಹೇಗೆ ಅನಿಸಿ, ಭಕ್ತಿಯಿಂದಲೇ ಕೈ ಚಾಚಿ ಅದರ ಮೇಲ್ಮೈಯ ಒಂದು ಅಂಚಿಗೆ ಮೂರು ಬೆರಳೂ ಎಳೆದು ಬಂದೆ. ಎಳೆದದ್ದು ನನಗೆ ನೆನಪಿನಲ್ಲೂ ಉಳಿಯಲಿಲ್ಲ. ದಿನಾ ಹಲ್ಲುಜ್ಜಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಅವಳು ಬಂದು ಚಕ್ರವನ್ನು ಎತ್ತಿ ಕೂರಿಸಿದಳು. ಪ್ಲೇಟನ್ನು ಹೋಗುವ ಮುಂಚೆಯೇ ಒರೆಸಿ ಹೋಗಿದ್ದರಿಂದ ಮತ್ತೆ ನೋಡಲಿಲ್ಲ. ಬಿಗಿದಳು. ಮೆಷಿನ್ನು ಓಡಿತು. ಕೊನೇ ಚರ್ಮ ಉಳಿದಾಗ ನಿಲ್ಲಿಸಿ, ಬಿಚ್ಚಿ, ಚಕ್ರವನ್ನು ಒಂದು ಕಂಬಿಗೆ ಏರಿಸಿ ನನ್ನ ಹಳೇ ಲೇತಿಗೆ ತಂದು ಕಟ್ಟಿದಳು. ಅಂಚಿಗೆ ಡಯಲ್ ತಾಗಿಸಿ ಕೈಯಿಂದ ಮೆಲ್ಲಗೆ ತಿರುಗಿಸಿದಳು. ಚಕ್ರ ನೆಟ್ಟಗಿದ್ದರೆ ಡಯಲಿನ ಮುಳ್ಳು ಅಲ್ಲಾಡಬಾರದು.

ಮುಳ್ಳು ಆ ಕಡೆ ಹೋಯಿತು, ಈ ಕಡೆ ಬಂತು. ಒಂದು ಕೂದಲೆಳೆಯಷ್ಟು ಓಲಾಟ. ಕೂದಲೆಳೆ ಅಂದರೆ ಬೇರೆಯವರಿಗೆ ಏನೂ ಅಲ್ಲ, ನಮಗೆ ಅದು ಸ್ಕ್ರ್ಯಾಪ್.

ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಮನೆಯವರ ಒಂದೇ ಚಕ್ರ, ಎದುರಿಗೆ ಗೌಡರು, ಅವಳ ಮಾತನ್ನು ನಂಬಿ ನಾನು ಕೊಟ್ಟ ಮಾತು, ಎಲ್ಲ ಒಟ್ಟಿಗೇ ತಲೆಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಕಂಪ್ಯೂಟರ್ ಕಿತ್ತು ಹೊಳೆಗೆ ಎಸೆ ಅಂದೆ. ಹಲಗೆ ಮೇಲೆ ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ನಿನಗೇ ಬುದ್ಧಿ ಇಲ್ಲವಲ್ಲ ಅಂದೆ. ಕೊನೆಗೆ, "ಆಡಿದ ಮಾತು ನೆನಪೈತಾ? ನಡಿ, ಬರ್ ಬೆಂಚಿಗೆ" ಅಂದೆ. ಶಾಪಿನಲ್ಲಿ ಎಲ್ಲ ಮೆಷಿನ್ನೂ ನಿಂತವು. ನನ್ನ ಕಣ್ಣು ಮಾತ್ರ ಆ ಮುಳ್ಳಿನ ಮೇಲೇ ಇತ್ತು.

ಅವಳು ಲೇತಿನ ಆ ಬದಿಗೆ ಹೋಗಿ ಬಗ್ಗಿ, ಚಕ್ರದ ತಳದ ಮುಖ ನೋಡಿದಳು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು ಒರೆಸಿದಳು. ಮೆಷಿನ್ನಿನ ಹತ್ತಿರ ಹೋಗಿ ಪ್ಲೇಟನ್ನೂ ಒರೆಸಿದಳು. "ಕೆಳಗೆ ಏನೋ ಕೂತಿತ್ತು ಸಾ. ನಾನು ನೋಡ್ಕೋಬೇಕಿತ್ತು. ಚರ್ಮ ಉಳಿದಿದೆ, ಸರಿ ಮಾಡ್ತೀನಿ. ಮುಗಿಸಿಬಿಟ್ಟು ಬೆಂಚಿಗೆ ಹೋಗ್ತೀನಿ" ಅಂದಳು.

ಮತ್ತೆ ಕೂರಿಸಿದಳು, ಮತ್ತೆ ಸೊನ್ನೆ ಹಿಡಿದಳು, ಉಳಿದಿದ್ದ ತೆಳು ಪದರದಲ್ಲೇ ಓಲಾಟವನ್ನೆಲ್ಲ ನುಂಗಿಸಿ ತೂತು ಮುಗಿಸಿದಳು. ಆ ಕೆಲಸ ನೋಡುತ್ತಾ ನನ್ನ ಕೋಪ ಇಳಿಯಿತು. ಅಷ್ಟು ಬೈಸಿಕೊಂಡ ಕೈ ಸ್ವಲ್ಪವೂ ಅವಸರ ಮಾಡಲಿಲ್ಲ. ಕಟ್ಟಿ ತಿರುಗಿಸಿದಾಗ ಡಯಲಿನ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ನಾನು ಗೌಡರ ಕಡೆ ತಿರುಗಿ, "ನೋಡಿದ್ರಾ, ಒಂದು ಮಾತು ಅಂದ್ರೆ ಹೆಂಗೆ ಸರಿಯಾಯ್ತು" ಅಂದೆ. ಗೌಡರು ನನ್ನ ಮುಖ ನೋಡಿದರು.

ಅವಳು ಸೀದಾ ಹೋಗಿ ಬರ್ ಬೆಂಚಿನಲ್ಲಿ ಕೂತಳು.

ಮಂಗಳವಾರವೂ ಅಲ್ಲೇ, ಬುಧವಾರವೂ ಅಲ್ಲೇ. ಕಂಪ್ಯೂಟರಿನ ಮುಂದೆ ಕುರ್ಚಿ ಖಾಲಿ. ಹುಡುಗರು ಏನಾದರೂ ಕೇಳಲು ಬಂದರೆ ಅರ ಕೆಳಗಿಡದೆಯೇ ಹೇಳಿಕೊಡುತ್ತಿದ್ದಳು. ಹಲಗೆಯ ಮೇಲೆ ಮಂಗಳವಾರ ಒಂದು ಸಾಲು ಬರೆದಳು: "ಒರೆಸಿಟ್ಟು ಆಚೆ ಹೋಗಿ ಬಂದರೆ ಮತ್ತೊಂದು ಸಲ ಒರೆಸಿ." ಬುಧವಾರ ಬರೆಯಲಿಲ್ಲ. ವಾಪಸ್ ಬಾ ಅಂತ ಕರೆಯಬೇಕು ಅನಿಸಿತು. ಆದರೆ ಎಲ್ಲರ ಮುಂದೆ ಕಳಿಸಿದವನು ಹೇಗೆ ಕರೆಯುವುದು. ತಪ್ಪು ಅವಳದ್ದೇ ತಾನೆ, ಒಪ್ಪಿಕೊಂಡಳಲ್ಲ, ಒಂದು ವಾರ ಕೂರಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುರುವಾರ ಚಕ್ರ ತೆಗೆದುಕೊಂಡು ನರಸೀಪುರಕ್ಕೆ ಹೋದೆ. ಅವಳನ್ನು ಕರೆದೆ, "ಬೆಂಚಲ್ಲಿ ಕೆಲಸ ಐತೆ ಸಾ" ಅಂದಳು. ಹೊಳೆ ದಂಡೆಯ ಪಂಪ್‌ಹೌಸಿನಲ್ಲಿ ಹನ್ನೊಂದು ಮನೆಯವರೂ ಸೇರಿದ್ದರು. ಪಂಪಿನ ಬಾಯಿ ಬಿಚ್ಚಿಟ್ಟಿದ್ದರು. ಗೌಡರ ಮನೆಯವರು ತಟ್ಟೆಯಲ್ಲಿ ಹೂವು, ಕುಂಕುಮ, ವಿಭೂತಿ ತಂದು ನನ್ನ ಮುಂದೆ ಹಿಡಿದು, "ನೀವೇ ಮಾಡಿ" ಅಂದರು. ನಾನು ವಿಭೂತಿಗೆ ನೀರು ಹಾಕಿ ಕಲಸಿದೆ. ಮೂರು ಬೆರಳು ಅದ್ದಿ, ಚಕ್ರದ ತಳಕ್ಕೆ ಹಚ್ಚಲು ಕೈ ನೀಡಿದೆ.

ಗೌಡರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಲ್ಬೇಡಿ ಯಜಮಾನ್ರೇ. ವರಗಡೆ ಅಚ್ಚಿ."

"ಯಾಕೆ?" ಅಂದೆ.

ಅವರು ಉಳಿದವರಿಗೆ ಕೇಳದ ಹಾಗೆ ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ನಾ ಕೂತಿದ್ದ ಕಡೆಗೆ ಚಕ್ರದ ತಳ ಕಾಣ್ತಿತ್ತು. ಮೂರು ಪಟ್ಟೆ ಅಂಗೇ ಬಿದ್ದಿತ್ತು, ಬೆಳ್ಳಗೆ. ನೀವು ಆ ಪ್ಲೇಟಿಗೆ ಎಳ್ದಿದ್ನೂ ನಾ ನೋಡಿದ್ದೆ. ಅದೇ ಅಡ್ಡ ಕೂತಿದ್ದು. ಆ ಎಣ್ಮಗ ನೋಡ್ತು, ನಿಮ್ ಕಡೀಕೂ ಒಂದ್ಸಲ ನೋಡ್ತು, ಒರಸ್ಬುಟ್ಟು ಸುಮ್ಕಾಯ್ತು. ನಾನು ಬಾಯಿ ಬುಡವಾ ಅಂತಿದ್ದೆ, ಬ್ಯಾಡ ಅಂತ ತಲೆ ಆಡುಸ್ತು."

ಬೆರಳಲ್ಲಿ ವಿಭೂತಿ ಒಣಗುತ್ತಿತ್ತು. ಪ್ಲೇಟಿನ ಹೊಳಪು, ತೆರೆದ ಬಾಗಿಲು, ಚಾಚಿದ ಕೈ, ಎಲ್ಲ ಒಂದೊಂದಾಗಿ ನೆನಪಾಯಿತು. ಅವಳು ಬಗ್ಗಿ ನೋಡಿ ಒಂದು ಗಳಿಗೆ ಹಾಗೇ ನಿಂತಿದ್ದಳಲ್ಲ, ಆಗ ಬಾಯಿ ಬಿಟ್ಟಿದ್ದರೆ ಸಾಕಿತ್ತು. ನೋಡಿ ಸಾ, ನಿಮ್ಮ ಬೆರಳು ಅಂದಿದ್ದರೆ ನಾನು ಆ ಹುಡುಗರ ಮುಂದೆ, ಗೌಡರ ಮುಂದೆ, ಮುಖ ಎತ್ತುವಂತಿರಲಿಲ್ಲ. ಅವಳು ನನ್ನ ಮುಖ ಉಳಿಸಿ ತನ್ನ ಕುರ್ಚಿ ಬಿಟ್ಟಳು. ನನ್ನ ತಪ್ಪನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡಳು. ನನಗೆ ಅಲ್ಲೇ ಕಣ್ಣು ತುಂಬಿತು, ಮರೆಮಾಡಲಿಲ್ಲ.

ಪಂಪಿನ ಹೊರಮೈಗೆ ಪಟ್ಟೆ ಎಳೆದೆ, ತೆಳ್ಳಗೆ. ಬೋಲ್ಟು ಬಿಗಿದು ಸ್ವಿಚ್ ಹಾಕಿದರು. ಪಂಪು ಒಂದಿಷ್ಟು ಕೆಮ್ಮಿ, ಆಮೇಲೆ ಒಂದೇ ಸಮನೆ ಹಾಡತೊಡಗಿತು. ಕೈಯಿಟ್ಟು ನೋಡಿದೆ, ನಡುಕವೇ ಇಲ್ಲ. ಮೇಲಿನ ತೊಟ್ಟಿಗೆ ನೀರು ದಬದಬ ಬಿತ್ತು. ಹೆಂಗಸರು ಕಾಲುವೆಯ ಜೊತೆಗೇ ಗದ್ದೆಯ ಕಡೆ ನಡೆದರು. ಗೌಡರು ತೊಟ್ಟಿಯಲ್ಲಿ ಕೈ ಅದ್ದಿ, "ರಂಗೋಲಿಲಿ ನೀರೆತ್ಬುಟ್ಟಳು ಕಣ್ರೀ" ಅಂದರು. ಅದನ್ನು ಕೇಳಬೇಕಾದವಳು ಇಪ್ಪತ್ತು ಮೈಲಿ ಆಚೆ ಅರ ಹಿಡಿದು ಕೂತಿದ್ದಳು.

ಶುಕ್ರವಾರ ಎಲ್ಲರಿಗಿಂತ ಮುಂಚೆ ಶಾಪಿಗೆ ಬಂದೆ. ಹಲಗೆಯ ಮೇಲೆ ಅವಳ ಮೂಲೆ ಖಾಲಿ ಇತ್ತು. ಅಷ್ಟು ವರ್ಷದಲ್ಲಿ ನಾನು ಆ ಮೂಲೆಯಲ್ಲಿ ಒಂದಕ್ಷರ ಬರೆದವನಲ್ಲ. ಚಾಕ್‌ಪೀಸ್ ತೆಗೆದುಕೊಂಡು ಬರೆದೆ: "ಸೋಮವಾರ ಚಕ್ರದ ಕೆಳಗೆ ವಿಭೂತಿ ಹಚ್ಚಿದವನು ನಾನು. ಜಾಬು ಕೆಡಿಸಿದವನು ನಾನು, ಉಳಿಸಿದವಳು ಅವಳು. ನಾನು ಬೈದದ್ದು ತಪ್ಪು. ಇನ್ನು ಮೇಲೆ ವಿಭೂತಿ ಮೆಷಿನ್ನಿನ ಬಾಗಿಲಿಗೆ ಮಾತ್ರ."

ಹುಡುಗರು ಒಬ್ಬೊಬ್ಬರಾಗಿ ಬಂದು ಓದಿದರು. ಯಾರೂ ನಗಲಿಲ್ಲ. ಅವಳು ಬಂದಳು, ನೀರು ಕುಡಿದಳು, ಓದಿದಳು. ಎರಡು ಸಲ ಓದಿದಳು ಅಂತ ಕಾಣುತ್ತದೆ. ಅಭ್ಯಾಸದಂತೆ ಬರ್ ಬೆಂಚಿನ ಕಡೆ ಹೋದಳು. ಅಲ್ಲಿ ನಾನು ಕೂತಿದ್ದೆ.

"ಏಳಿ ಸಾ, ಏನಿದು" ಅಂದಳು.

"ಕೆಡಿಸಿದವರು ಬೆಂಚಿಗೆ ಅಂತ ತಾನೆ ಮಾತು. ನಿನ್ನ ಕುರ್ಚಿ ಅಲ್ಲೈತೆ, ಹೋಗವ್ವ" ಅಂದೆ.

ಅವಳು ಹೋಗಿ ಕಂಪ್ಯೂಟರ್ ಹಾಕಿದ ಸದ್ದು ಕೇಳಿಸಿತು. ನಾನು ಆವತ್ತು ಸಂಜೆಯವರೆಗೂ ಬರ್ ಉಜ್ಜಿದೆ. ಇಪ್ಪತ್ತು ವರ್ಷದಿಂದ ಬಿಟ್ಟ ಕೆಲಸ, ಭುಜ ಬಿದ್ದುಹೋಯಿತು. ಐದು ಗಂಟೆಗೆ ಅವಳು ಬಂದು ನಾನು ಮುಗಿಸಿಟ್ಟ ಜಾಬುಗಳ ಅಂಚಿನ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದಳು. ಎರಡನ್ನು ಬೇರೆ ತೆಗೆದು ನನ್ನ ಮುಂದೆ ಇಟ್ಟಳು.

"ಇವೆರಡು ಇನ್ನೊಂದು ಸಲ ಸಾ" ಅಂದಳು.